ಮೋರಜಾಂಬ ಫಾಟಾದಲ್ಲಿ ಏಳು ದಿನ

ಆ ಮನುಷ್ಯ ಎರಡನೆಯ ದಿನವೂ ಅಲ್ಲೇ ಕೂತಿದ್ದ. ರಸ್ತೆ ಕವಲೊಡೆಯುವ ಮೋರಜಾಂಬ ಫಾಟಾದ ಹುಣಸೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ. ಗಾಡಿ ಬಂದಾಗಲೆಲ್ಲ ಕತ್ತೆತ್ತುತ್ತಿದ್ದ, ಏನೋ ಗೀಚುತ್ತಿದ್ದ.

“ಯಾರಲೇ ಅವ?” ಜೀಪಿನಿಂದ ಇಳಿಯುತ್ತ ಹಿಂದುರಾವ್ ಮಗದುಮ್ ಕೇಳಿದ.

“ಪೊಲೀಸರ ಪೈಕಿ ಇರಬೇಕು, ತಾತ್ಯಾ,” ಎಂದ ಜೀಪು ಓಡಿಸುವ ಪಿರಾಜಿ. “ಗಾಡಿ ನಂಬರ್ ಬರಕೊಳ್ಳಾಕತ್ತಾನ. ಆಮ್ಯಾಲೆ ಒಬ್ಬೊಬ್ಬರ ಮ್ಯಾಲೆ ಕೇಸು.”

ಹಿಂದುರಾವ್ ಮೂಗಿನಲ್ಲೇ ನಕ್ಕ. ಮೂವತ್ತು ವರ್ಷ ಚಳವಳಿ ಮಾಡಿದವನು ಅವನು. ಮಫ್ತಿಯಲ್ಲಿರುವ ಪೊಲೀಸನನ್ನು ಬೂಟು ನೋಡಿಯೇ ಹಿಡಿಯಬಲ್ಲೆ ಎನ್ನುತ್ತಿದ್ದ. ಈ ಪ್ರಾಣಿಯ ಕಾಲಲ್ಲಿ ಇದ್ದುದು ಸವೆದ ರಬ್ಬರ್ ಚಪ್ಪಲಿ.

“ಬೂಟು ಕೊಡ್ಸಾಕೂ ಗತಿ ಇಲ್ಲದ ಸರ್ಕಾರ. ನಮಗ ಟೋಲ್ ಹಾಕಾಕ ಬಂದೈತಿ.”

ನದಿ ದಾಟಿ ಪೇಟೆ ಸೇರುವ ಆ ರಸ್ತೆಯನ್ನು ನಾಲ್ಕು ಪಥ ಮಾಡುವುದೆಂದು ಮುಂಬಯಿಯಲ್ಲಿ ನಿಶ್ಚಯವಾಗಿತ್ತು. ಟೋಲ್ ಹಾಕಿ ಕಟ್ಟುವುದೋ, ಸರ್ಕಾರವೇ ಕಟ್ಟುವುದೋ ಎಂಬುದೊಂದೇ ಬಾಕಿ. ಸುತ್ತಲ ಹಳ್ಳಿಗಳ ಹಾಲು ದಿನಕ್ಕೆರಡು ಸಲ ಟೆಂಪೊಗಳಲ್ಲಿ ಡೇರಿಗೆ ಹೋಗುತ್ತದೆ. ಟೋಲ್ ಬಂದರೆ ಹೋಗುತ್ತ ಬರುತ್ತ ನಾಲ್ಕು ಸಲ ಕಕ್ಕಬೇಕು. ಎಮ್ಮೆ ಕಟ್ಟಿದವನಿಗೆ ಉಳಿಯುವುದು ಸಗಣಿ ಮಾತ್ರ. ಹಿಂದುರಾವ್ ಅಂಬಾಬಾಯಿ ದೇವಿಯ ಮೇಲೆ ಆಣೆ ಇಟ್ಟು ಚಪ್ಪಲಿ ಬಿಟ್ಟಿದ್ದ: ಟೋಲ್ ತೊಲಗುವವರೆಗೆ ಬರಿಗಾಲು.

ಈ ವಾರ ಇಲಾಖೆಯವರು ರಸ್ತೆ ನೋಡಲು ಬರುತ್ತಾರೆಂದು ಕಚೇರಿಯ ಗುಮಾಸ್ತನೊಬ್ಬ ಅವನ ಕಿವಿಯಲ್ಲಿ ಊದಿದ್ದ. ಯಾವ ಸಾಹೇಬ, ಯಾವ ಹೊತ್ತಿಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಶಕ್ತಿ ಪ್ರದರ್ಶನ. ಸಾಹೇಬರ ಬಿಳಿ ಕಾರು ಯಾವ ಗಳಿಗೆಯಲ್ಲಿ ಬಂದರೂ ರಸ್ತೆ ತುಂಬಿ ತುಳುಕುತ್ತಿರಬೇಕು.

“ಮೋಟಾರ್‌ಸೈಕಲ್ ಬ್ಯಾಡ,” ಎಂದು ಮೊದಲೇ ಕಟ್ಟಪ್ಪಣೆ ಮಾಡಿದ್ದ. “ಅವಕ್ಕ ಟೋಲೂ ಇಲ್ಲ, ಅವರ ಮಾತಿಗೆ ತೂಕಾನೂ ಇಲ್ಲ. ನಾಕು ಗಾಲಿದ್ದು ತರ್ರಿ.”

ನೂರೈವತ್ತು ಗಾಡಿ ಬಂದವು. ಜೀಪು, ಕಾರು, ಹಾಲಿನ ಟೆಂಪೊ, ಕಬ್ಬಿನ ಲಾರಿ. ಫಾಟಾದಿಂದ ಸೇತುವೆ, ಸೇತುವೆಯಿಂದ ಮತ್ತೆ ಫಾಟಾ. ನೂರೈವತ್ತನ್ನು ಸಾವಿರದಂತೆ ಕಾಣಿಸುವ ವಿದ್ಯೆ ಹಿಂದುರಾವ್‌ಗೆ ಚುನಾವಣೆಗಳು ಕಲಿಸಿದ್ದವು.

ಮೂರನೆಯ ದಿನ ಎಲ್ಲ ನಂಬರ್ ಪ್ಲೇಟಿಗೂ ಕೆಸರು ಮೆತ್ತಿಸಿದ. ಕುರ್ಚಿಯವನ ಪೆನ್ಸಿಲ್ ನಿಲ್ಲಲಿಲ್ಲ. ಹಿಂದುರಾವ್ ಬೆನ್ನ ಹಿಂದೆ ಹೋಗಿ ಇಣುಕಿದ. ಹಾಳೆಯ ತುಂಬ ಗೀಟು. ಬರೀ ಗೀಟು.

“ನಂಬರ್ ಕಾಣವಲ್ದು, ಪಾಪ, ಗೀಟು ಎಳಕೊಂತ ಕುಂತಾನ!”

ಜನ ಹೊಟ್ಟೆ ಹಿಡಿದು ನಕ್ಕರು. ಆ ಮನುಷ್ಯ ಎದ್ದು ನಿಂತ. “ತಾತ್ಯಾ, ಸಿಟ್ಟಾಗಬ್ಯಾಡ್ರಿ, ಒಂದು ಮಾತು ಹೇಳ್ತೀನಿ. ಇನ್ನ ನಾಕು ದಿನ ಗಾಡಿ ಮನ್ಯಾಗ ಇಡ್ರಿ. ನಿಮಗಽ ಚಲೋ.”

“ಬೆದರಿಕಿ ಹಾಕ್ತಿಯೇನಲೇ?”

“ಇಲ್ರಿ. ನಾನೂ ಹಾಲಿನವರ ಮನ್ಯಾವನಽ. ಇದಕ್ಕಿಂತ ಹೆಚ್ಚಿಗಿ ಹೇಳಾಕ ಬರಂಗಿಲ್ಲ. ನೌಕರಿ ಹೋಗ್ತೈತಿ.”

“ಹೋಗ್ಲಿ ಬಿಡು. ಮರದ ಬುಡಕ ಕುಂತು ಹೋಗೋ ಗಾಡಿ ನೋಡೋದು ನಮ್ಮ ನಾಯಿನೂ ಮಾಡ್ತೈತಿ. ಅದಕ್ಕ ಯಾರೂ ಪಗಾರ ಕೊಡಂಗಿಲ್ಲ.”

ಆತ ಮತ್ತೆ ಪೆನ್ಸಿಲ್ ಹಿಡಿದು ಕೂತ. ಮರುದಿನ ಹಿಂದುರಾವ್ ಇನ್ನೂ ಅರವತ್ತು ಗಾಡಿ ತರಿಸಿದ. ಬೆದರಿಕೆಗೆ ಅವನ ಉತ್ತರ ಯಾವಾಗಲೂ ಹೀಗೇ. ಮಧ್ಯಾಹ್ನ ಎರಡಕ್ಕೆ ಇನ್ನೊಬ್ಬ ಬಂದು ಅದೇ ಕುರ್ಚಿಯಲ್ಲಿ ಕೂತು ಅದೇ ರಟ್ಟು ತೆಗೆದುಕೊಂಡ. ಗೂಢಚಾರಿಕೆಗೂ ಪಾಳಿ! ಹಿಂದುರಾವ್ ಉಗಿದು ಆ ಕಡೆ ತಿರುಗಿದ.

ಫಾಟಾದಲ್ಲಿ ಚಹಾ ಮಾರುವ ತಾನುಬಾಯಿ ಗ್ಲಾಸು ತೊಳೆದು ಸುಸ್ತಾಗಿದ್ದಳು. “ದಿನಾ ಇಲ್ಲಿ ನೊಣ ಹೊಡ್ಕೊಂತ ಕುಂದರ್ತಿದ್ದೆ, ತಾತ್ಯಾ. ಈ ಹಾದ್ಯಾಗ ಇಷ್ಟು ಗಾಡಿ ನಾ ಎಂದೂ ನೋಡಿದ್ದಿಲ್ಲ.”

“ನೋಡ್ಲಿ ಅಂತಽ ತಂದೀನಿ, ವೈನಿ.”

ಬಿಳಿ ಕಾರು ಮಾತ್ರ ಬರಲಿಲ್ಲ. ಹೆದರಿ ಬಂದಿಲ್ಲ ಎಂದ ಹಿಂದುರಾವ್. ಹೌದೆಂದರು ಎಲ್ಲರೂ, ಹೌದೆನ್ನುವವರನ್ನೇ ಅವನು ಹತ್ತಿರ ಇಟ್ಟುಕೊಂಡಿದ್ದ.

ಏಳನೆಯ ಸಂಜೆ ಮೊದಲಿನ ಆ ಮನುಷ್ಯನೇ ಮತ್ತೆ ಬಂದು ಹಾಳೆಗಳನ್ನು ಚೀಲಕ್ಕೆ ತುಂಬಿ, ಕುರ್ಚಿಯನ್ನು ಸೈಕಲ್ಲಿಗೆ ಕಟ್ಟಿದ. ಹೊರಡುವ ಮುನ್ನ ಹಿಂದುರಾವ್‌ನ ಬರಿಗಾಲನ್ನೊಮ್ಮೆ ನೋಡಿದ. ಸೈಕಲ್ ಹತ್ತಿ ಹೋದ.

“ಓಡಿಸಿದ್ವಿ!” ಪಿರಾಜಿ ಕೂಗಿದ. ಗುಲಾಲು ಹಾರಿತು. ಯಾರೋ ಹೊಸ ಕೊಲ್ಹಾಪುರಿ ಚಪ್ಪಲಿ ತಂದರು. ಟೋಲ್ ರದ್ದಾದ ಆದೇಶ ಕೈಗೆ ಬರುವವರೆಗಾದರೂ ಕಾಯಬಹುದಿತ್ತು. ಹಿಂದುರಾವ್ ಅಲ್ಲೇ ಮೆಟ್ಟಿಕೊಂಡ. ಚಪ್ಪಲಿ ಕಿರ್ರೆಂದಿತು. ಅದರ ಗತ್ತು ಮೂರು ಹಳ್ಳಿಗೆ ಕೇಳಿಸಿತು.

ತಿಂಗಳಾದ ಮೇಲೆ, ಟೋಲ್ ಬೇಡವೆಂದು ಅವನು ಹಿಂದೆಯೇ ಕೊಟ್ಟಿದ್ದ ಮನವಿಗೆ ಇಲಾಖೆಯಿಂದ ಉತ್ತರ ಬಂತು. ತಾನುಬಾಯಿಯ ಅಂಗಡಿಯ ಮುಂದೆ ಜನ ನೆರೆದರು. ಪಿರಾಜಿ ಗಂಟಲು ಸರಿಪಡಿಸಿಕೊಂಡು ಓದಿದ:

“ಸದರಿ ರಸ್ತೆಯಲ್ಲಿ ಟೋಲ್ ವಸೂಲಿಗೆ ಸಾಕಾಗುವಷ್ಟು ವಾಹನಗಳ ಓಡಾಟವಿಲ್ಲದ ಕಾರಣ, ಟೋಲ್ ಪ್ರಸ್ತಾವವನ್ನು ಕೈಬಿಟ್ಟು ಸರ್ಕಾರದ ವೆಚ್ಚದಲ್ಲೇ ನಿರ್ಮಿಸಲು ತೀರ್ಮಾನಿಸಲಾಗಿತ್ತು.”

ಸೀಟಿ, ಚಪ್ಪಾಳೆ. ಹಿಂದುರಾವ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. “ಮುಂದ ಓದಲೇ.”

“ಆದರೆ ಅಂತಿಮ ಖಾತ್ರಿಗಾಗಿ ಮೋರಜಾಂಬ ಫಾಟಾದ ಹುಣಸೆ ಮರದ ಬಳಿ ಏಳು ದಿನ ನಡೆಸಿದ ಎಣಿಕೆಯಲ್ಲಿ, ನಾಲ್ಕು ಚಕ್ರದ ವಾಹನಗಳ ಓಡಾಟ ಅಂದಾಜಿನ ಮೂರು ಪಟ್ಟು ಕಂಡುಬಂದುದರಿಂದ, ಟೋಲ್ ಮಂಜೂರು ಮಾಡಲಾಗಿದೆ.”