ಏಳನೆಯ ಆಕಾಶಕ್ಕೆ ಅಡ್ಡಗಾಲು

ಮೆರೋನ್ ಗುಡ್ಡದಿಂದ ಕತ್ತೆ ಸವಾರನಿಲ್ಲದೆ ಮರಳಿತು. ತಡಿಗೆ ಓವದ್ಯಾ ಅವರ ಊರುಗೋಲು ಕಟ್ಟಿತ್ತು. ಕತ್ತೆ ಹೊಡೆಯುವ ಸಲೀಂ ಸಫೆದ್ ಊರಿನ ಮೆಟ್ಟಿಲುಗಳನ್ನು ಏದುತ್ತ ಹತ್ತಿ, ಅವರ ಹೆಂಡತಿ ಲೂನಾಳ ಅಂಗಳದಲ್ಲಿ ತಲೆ ತಗ್ಗಿಸಿ ನಿಂತ.

"ಅಮ್ಮಾ, ಗುರುಗಳು ಹೋಗ್ಬಿಟ್ರು. ಸಂತರ ಗೋರಿ ಹತ್ರ ಪ್ರಾರ್ಥನೆ ಮುಗಿಸ್ಕೊಂಡು ಬರ್ತಿದ್ವಿ. ಸ್ವಲ್ಪ ಇಳಿಸು ಅಂದ್ರು. ಕಲ್ಲಿನ ಮೇಲೆ ಕೂತೋರು ಏಳಲೇ ಇಲ್ಲ. ಹಿಂದೆ ಹೊತ್ಕೊಂಡು ಬರ್ತಿದಾರೆ."

ಲೂನಾ ಅವನನ್ನೇ ನೋಡಿದಳು. "ಗುಡ್ಡ ಹತ್ತುತ್ತಿದ್ರೋ, ಇಳೀತಿದ್ರೋ?"

"ಇಳೀತಿದ್ವಿ."

"ಸದ್ಯ" ಎಂದಳು. ಆಮೇಲೆ ಅತ್ತಳು.

ಆ ಒಂದು ಮಾತು ಸಂಜೆಯೊಳಗೆ ಬೀದಿಯನ್ನೆಲ್ಲ ಸುತ್ತಿ ಬಂತು.

ಓವದ್ಯಾ ಜೀವಮಾನವೆಲ್ಲ ಯೆಹೂದ್ಯರ ಸಭಾಮಂದಿರದಲ್ಲಿ ಕೂತು ಆಕಾಶಗಳನ್ನು ಕುರಿತು ಪಾಠ ಹೇಳಿದವರು. ಆಕಾಶ ಏಳು, ಒಂದರ ಮೇಲೊಂದು. ಮೊದಲನೆಯದು ಬರಿಯ ಪರದೆ. ಏಳನೆಯದರಲ್ಲಿ ದೇವರ ಸಿಂಹಾಸನ. ಕಡೆಯ ದಿನ ಸತ್ತವರನ್ನು ಎಬ್ಬಿಸುವ ಇಬ್ಬನಿಯೂ ಅಲ್ಲಿಯೇ. ಇಷ್ಟು ಬಲ್ಲವರಿಗೆ ಏಳನೆಯದಲ್ಲದೆ ಬೇರೆ ಎಲ್ಲಿ ಜಾಗ? ಊರೆಲ್ಲ ಒಪ್ಪಿತು. ಒಪ್ಪದವಳು ಹೆಂಡತಿ ಒಬ್ಬಳೇ.

ಮಣ್ಣು ಮಾಡಿ ಬಂದು ಏಳು ದಿನದ ಶೋಕಕ್ಕೆ ನೆಲದ ಮೇಲೆ ಕೂತರು. ಕನ್ನಡಿಗೆ ಬಟ್ಟೆ ಹೊದಿಸಿದ್ದಾಯಿತು. ನೆರೆಯವರು ಬೇಯಿಸಿದ ಮೊಟ್ಟೆ ತಂದರು, ಹೊಗಳಿಕೆಯನ್ನೂ ತಂದರು.

"ನಡುರಾತ್ರಿ ಎದ್ದು, ಹಿಂದೆಂದೋ ಹಾಳುಬಿದ್ದ ನಮ್ಮ ದೇವಾಲಯಕ್ಕಾಗಿ ಅಳುತ್ತಿದ್ದ ಮಹಾನುಭಾವರು" ಎಂದ ಒಬ್ಬ.

"ಅಳ್ತಿದ್ದದ್ದು ನಿಜ" ಎಂದಳು ಲೂನಾ. "ಅತ್ತು ಮುಗಿದ ಮೇಲೆ ಮಡಕೇಲಿ ಏನುಳಿದಿದೆ ಅಂತ ಕೇಳ್ತಿದ್ರು."

"ಉಪವಾಸವನ್ನು ಒಂದೂ ಬಿಟ್ಟವರಲ್ಲ."

"ಬಿಟ್ಟೋರಲ್ಲ. ಅಂಜೂರ ಮಾತ್ರ ಮರೆತು ಬಾಯಿಗೆ ಹಾಕ್ಕೊಳ್ಳೋರು."

ಮಗ ಯೋಮ್ತೋವ್ ತಲೆ ತಗ್ಗಿಸಿದ. ನೆರೆಮನೆಯ ಝಿಂಬುಲ್ ಮಾತ್ರ ಹತ್ತಿರ ಸರಿದು ಕೂತಳು. ಇಂಥ ಮಾತು ಅವಳಿಗೆ ಬಾದಾಮಿ ಮಿಠಾಯಿಗಿಂತ ರುಚಿ.

"ಹೇಳಿಬಿಡು ಲೂನಾ, ಹೊಟ್ಟೇಲಿ ಇಟ್ಕೋಬೇಡ. ಬೇರೆ ಹೆಂಗಸಿನ ವಿಷಯ ಏನಾದ್ರೂ ಇತ್ತಾ?"

ಲೂನಾಳ ಕಣ್ಣು ಕೆಂಪಾಯಿತು. "ಬಾಯಿ ಮುಚ್ಚೇ. ಅಷ್ಟೆಲ್ಲ ಬೇಡ. ನರಕಕ್ಕೆ ಕಳಿಸ್ತೀಯಾ ಅವರನ್ನ?"

ಝಿಂಬುಲ್‌ಗೆ ತಲೆಬುಡ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಅವಳು ಸುಮ್ಮನಿದ್ದವಳೂ ಅಲ್ಲ. ಲೂನಾ ಎಣ್ಣೆ ವ್ಯಾಪಾರಿಯನ್ನು ಮದುವೆಯಾಗುತ್ತಾಳೆ ಎಂದು ಮಾರನೆಯ ಬೆಳಗ್ಗೆ ಬಾವಿಕಟ್ಟೆಯಲ್ಲಿ ಸುದ್ದಿ.

ತೀರಿಕೊಂಡವರಿಗಾಗಿ ಮಗ ಕದ್ದೀಶ್ ಪ್ರಾರ್ಥನೆ ಹೇಳಬೇಕು. ಹೇಳಲು ಹತ್ತು ಮಂದಿ ಗಂಡಸರು ಸೇರಬೇಕು. ಅವರು ಕೂಡಿ 'ಆಮೆನ್' ಎಂದಾಗಲೆಲ್ಲ ಆತ್ಮ ಒಂದಿಷ್ಟು ಮೇಲೇರುತ್ತದೆ. ಇದೂ ಓವದ್ಯಾ ಅವರೇ ಹೇಳಿಕೊಟ್ಟ ಪಾಠ. ಯೋಮ್ತೋವ್ ಬಾಯಿ ತೆರೆಯಬೇಕು, ಆಗ ಹತ್ತನೆಯವನಾಗಿ ಬಂದಿದ್ದ ಚಮ್ಮಾರನ ಕೈಗೆ ಲೂನಾ ಬಿಂದಿಗೆ ಕೊಟ್ಟು ನೀರಿಗೆ ಕಳಿಸಿದಳು. ಮಾರನೆಯ ದಿನ ಸೌದೆಗೆ. ಅದರ ಮಾರನೆಯ ದಿನ ಅವನು ಬರುವಾಗಲೇ ಸೌದೆ ಹೊತ್ತು ತಂದ. ಆಗ ಹಿಟ್ಟಿಗೆ ಕಳಿಸಿದಳು.

"ಅಮ್ಮ, ಅಪ್ಪ ಮೇಲೆ ಹೋಗೋದು ನಿನಗೆ ಬೇಡವಾ?" ಮಗ ಕೇಳಿದ.

"ಮೇಲೆ ಹೋಗ್ಲಿ. ಅತಿಯಾಗಿ ಬೇಡ" ಎಂದಳು ತಾಯಿ.

ಶೋಕದ ಕಡೆಯ ದಿನ ಬೀದಿಯ ಧರ್ಮಗುರು ಹಕಾಮ್ ರಹಮಿಮ್ ತಾವೇ ಬಂದರು. ಓವದ್ಯಾ ಅವರ ಜೊತೆ ಒಂದೇ ಪುಸ್ತಕದ ಮುಂದೆ ಕೂತು ಮುದುಕರಾದವರು. ಬಂದವರೇ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಚಮ್ಮಾರ ಒಳಗೇ ಉಳಿದ. ಝಿಂಬುಲ್ ಕಿಟಕಿಗೆ ಆತುಕೊಂಡಳು.

ಲೂನಾಳೇ ಮೊದಲು ಕೇಳಿದಳು. "ಗುರುಗಳೇ, ಒಂದೊಂದು ಆಕಾಶದ ದಪ್ಪ ಎಷ್ಟು?"

"ಐನೂರು ವರ್ಷದ ನಡಿಗೆ ತಾಯಿ. ನಡುವಿನ ಸಂದೂ ಅಷ್ಟೇ."

"ಮೊದಲನೇದರಲ್ಲಿ ನಿಂತು ಕೂಗಿದ್ರೆ ಏಳನೇದಕ್ಕೆ ಕೇಳುತ್ತಾ?"

"ಇನ್ನೂ ಜಗಳ ಬಾಕಿ ಇದೆ ಅಂತ ಕಾಣುತ್ತೆ" ಎಂದಿತು ಕಿಟಕಿ.

"ಕೇಳುವುದಿಲ್ಲ" ಎಂದರು ಹಕಾಮ್.

"ಅಲ್ಲಿಗೆ ಹೋದೋರು ಆಗೀಗ ಕೆಳಗೆ ಬರ್ತಾರಾ?"

"ಲೋಕೋದ್ಧಾರಕ ಮಸೀಹ ಬಂದ ದಿನ ಎಲ್ಲರೂ ಎದ್ದು ಬರುತ್ತಾರೆ. ಅಲ್ಲಿಯವರೆಗೆ ಅವರವರ ಜಾಗದಲ್ಲಿ ಅವರವರು."

"ನಮ್ಮಜ್ಜಿ ಮಸೀಹ ಬರ್ತಾರೆ ಅಂತ ದಿನಾ ಓಣಿ ಬಾಗಿಲಲ್ಲಿ ಕಾಫಿ ಬಿಸಿ ಇಟ್ಕೊಂಡು ಕಾದಳು. ಸಂಜೆ ನಾವೇ ಕುಡೀತಿದ್ವಿ. ಅವರನ್ನ ನಂಬಿ ಕೂತ್ಕೊಳ್ಳೋಕಾಗಲ್ಲ ಗುರುಗಳೇ."

ಹಕಾಮ್ ಗಡ್ಡದೊಳಗೆ ನಗು ನುಂಗಿದರು. ಮತ್ತೆ ಮುಖ ಬಿಗಿದರು. "ತಾಯೀ, ನೇರ ಕೇಳುತ್ತೇನೆ. ಊರೆಲ್ಲ ಕೂಡಿ ಆ ಪುಣ್ಯಾತ್ಮನನ್ನ ಮೇಲಕ್ಕೆ ತಳ್ತಿದೆ. ನೀವೊಬ್ಬರು ಕಾಲು ಹಿಡಿದು ಕೆಳಗೆ ಎಳೀತಿದ್ದೀರಿ. ಅವನು ನಿಮಗೆ ಅಂಥದ್ದೇನು ಮಾಡಿದ?"

ಕಿಟಕಿಯಲ್ಲಿ ಉಸಿರು ನಿಂತಿತು. ಲೂನಾ ಮೂಲೆಯಲ್ಲಿದ್ದ ಊರುಗೋಲನ್ನು ಮಡಿಲಿಗೆ ಎಳೆದುಕೊಂಡಳು.

"ನಾನು ಮೀನು ಹುರಿದೋಳು, ಬಟ್ಟೆ ಒಗೆದೋಳು. ಓದು ಬರಲ್ಲ. ನನ್ನ ಪುಣ್ಯಕ್ಕೆ ಬಹಳ ಅಂದ್ರೆ ಮೊದಲನೇ ಆಕಾಶ. ನೀವೆಲ್ಲ ಸೇರಿ ಅವರನ್ನ ಏಳನೇದಕ್ಕೆ ಹತ್ತಿಸಿಬಿಟ್ರೆ, ನಾನು ಮೊದಲನೇದರಲ್ಲಿ ಯಾರ ಜೊತೆ ಕೂತ್ಕೊಳ್ಳಲಿ?"

ಚಮ್ಮಾರ ತಾನಾಗಿಯೇ ಎದ್ದು ಬಿಂದಿಗೆ ಹುಡುಕಿದ. ಹಕಾಮ್ ಅವನ ತೋಳು ಹಿಡಿದು ನಿಲ್ಲಿಸಿ, ಯೋಮ್ತೋವ್‌ಗೆ ಸನ್ನೆ ಮಾಡಿದರು. ಕದ್ದೀಶ್ ಮೆಲ್ಲಗೆ, ಬಹಳ ಮೆಲ್ಲಗೆ ನಡೆಯಿತು. ಎಲ್ಲರ ಆಮೆನ್ ಮುಗಿದ ಮೇಲೆ ಲೂನಾ ತನ್ನದನ್ನು ಸೇರಿಸಿದಳು:

"ಅವರ ಆತ್ಮಕ್ಕೆ ಶಾಂತಿ ಕೊಡು ಸ್ವಾಮಿ. ಆ ಮೊದಲನೇ ಪರದೆಯ ಒಳಗೇ ಕೊಡು, ನಾನು ಬಂದು ಸರಿಸಿದರೆ ಕಾಣೋ ಹಾಗೆ."