ನರಕವಿಲ್ಲದ ಪ್ರಸಂಗ

ಮೂರನೆಯ ಭಾನುವಾರವೂ ಚರ್ಚಿನ ಸಭಾಪಾಲಕರ ಬಾಯಲ್ಲಿ ನರಕ ಬರಲಿಲ್ಲ.

ಹಿಂದಿನ ಬೆಂಚಿನ ಮೂಲೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಪರೀಕ್ಷಕರು ನಿಟ್ಟುಸಿರು ಬಿಟ್ಟರು. ಕೃಪೆ ಬಂತು, ಕ್ಷಮೆ ಬಂತು, ತಂದೆಯ ಮನೆಯ ತೆರೆದ ಬಾಗಿಲು ಬಂತು. ತೀರ್ಪಿನ ಸುದ್ದಿ ಮಾತ್ರ ಇಲ್ಲ. ಸಭೆಯ ಹಿರಿಯರು, ಸಭೆಗಳನ್ನೆಲ್ಲ ನಡೆಸುವ ಮಂಡಳಿಗೆ ಕೊಟ್ಟ ದೂರೂ ಅದೇ: ನಮ್ಮ ಪಾಲಕರು ಕೆಲವು ತಿಂಗಳಿಂದ ಅರ್ಧ ಸುವಾರ್ತೆ ಬೋಧಿಸುತ್ತಿದ್ದಾರೆ. ದೂರು ನಿಜವೆಂದಾದರೆ ಪ್ರಸಂಗಪೀಠ ಹೋಗುತ್ತದೆ. ಅದರ ಜೊತೆಗೆ ಪಾಲಕರ ಸಂಸಾರ ಇರುವ ಮನೆಯೂ ಹೋಗುತ್ತದೆ.

ಪ್ರಸಂಗ ಕೇಳಿ, ಉಪದೇಶ ಶುದ್ಧವಾಗಿದೆಯೋ ಇಲ್ಲವೋ ಎಂದು ಮಂಡಳಿಗೆ ತಿಳಿಸುವುದು ಪರೀಕ್ಷಕರ ಕೆಲಸ. ಸಭೆಗಳಲ್ಲಿ ಅವರಿಗೆ ಒರೆಗಲ್ಲು ಎಂಬ ಅಡ್ಡಹೆಸರಿತ್ತು. ಈಚಿನ ಪ್ರಸಂಗಗಳು ಅವರನ್ನು ಹಣ್ಣುಹಣ್ಣು ಮಾಡಿದ್ದವು. ಒಬ್ಬ ರಕ್ಷಣೆಯನ್ನು ಮೊಬೈಲ್ ರೀಚಾರ್ಜಿಗೆ ಹೋಲಿಸಿದ್ದ. ಇನ್ನೊಬ್ಬ ಪ್ರಾರ್ಥನೆಯಿಂದ ಬಡ್ತಿ ಪಡೆಯುವ ಉಪಾಯ ಹೇಳಿಕೊಟ್ಟಿದ್ದ. ಮತ್ತೊಬ್ಬ ಗಿಟಾರ್ ಹಿಡಿದು ಅತ್ತಿದ್ದ. ಏಕೆ ಅತ್ತನೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ. ಇವರನ್ನೆಲ್ಲ ಒರೆಗೆ ಹಚ್ಚಿ ಹಚ್ಚಿ ಕಲ್ಲೇ ಸವೆದಿತ್ತು.

ಆದರೂ ಪದ್ಧತಿ ಬಿಟ್ಟಿರಲಿಲ್ಲ. ಮೊದಲ ಕೀರ್ತನೆ ಮುಗಿದ ಮೇಲೆ ಒಳಗೆ ಬರುವುದು. ಕೂತ ಕ್ಷಣವೇ ಕಣ್ಣು ಮುಚ್ಚುವುದು. ಆಶೀರ್ವಾದಕ್ಕೆ ಮೊದಲೇ ತಲೆ ತಗ್ಗಿಸಿ ಎದ್ದು ಹೋಗುವುದು. ಮುಖ ನೋಡಿ ಮಣೆ ಹಾಕುವವನು ನಾನಲ್ಲ ಎನ್ನುತ್ತಿದ್ದರು. ಯಾವ ಭಾನುವಾರ ಯಾವ ಸಭೆಗೆ ಹೋಗುತ್ತಾರೆಂದು ಮನೆಯಲ್ಲೂ ಬಾಯಿ ಬಿಡುತ್ತಿರಲಿಲ್ಲ. ತಮ್ಮ ಮನೆಯ ಸಾವಿನಲ್ಲೂ ಸಿದ್ಧಾಂತವನ್ನು ಕೂದಲೆಳೆಯಷ್ಟು ಸಡಿಲಿಸದ ಮನುಷ್ಯ ಎಂದು ಮಂಡಳಿಯಲ್ಲಿ ಅವರ ಉದಾಹರಣೆ ಕೊಡುತ್ತಿದ್ದರು.

ಆ ಭಾನುವಾರ ಮಂಡಳಿಯ ಕಚೇರಿಗೆ ಹೋಗಿ ಮನೆಗೆ ಬರುವಷ್ಟರಲ್ಲಿ ಹೆಂಡತಿ ಊಟಕ್ಕೆ ಬಡಿಸಿದ್ದಳು. ಪರೀಕ್ಷಕರು ಚೀಲವನ್ನು ಖಾಲಿ ಇದ್ದ ಮೂರನೆಯ ಕುರ್ಚಿಯ ಮೇಲಿಟ್ಟರು. ಅವಳು ಅದನ್ನು ಎತ್ತಿ ನೆಲಕ್ಕಿಟ್ಟಳು. ಪ್ರತಿ ವಾರ ನಡೆಯುವ ಮೂಕ ಜಗಳ ಅದು.

"ತಲೆನೋವು ಹೇಗಿದೆ?"

"ಈಗೀಗ ಬರ್ತಿಲ್ಲ."

ಮೊದಲೆಲ್ಲ ಭಾನುವಾರ ಮಧ್ಯಾಹ್ನವಾದರೆ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿಬಿಡುತ್ತಿದ್ದಳು. ಡಾಕ್ಟರ ಮಾತ್ರೆ ಕೊನೆಗೂ ನಾಟಿತು ಎಂದುಕೊಂಡರು.

"ಪ್ರಸಂಗ?"

"ಮನಸ್ಸಿಗೆ ಹಿತವಾಗಿತ್ತು ರೀ."

ಬೀದಿ ತುದಿಯ ಸಭೆಯದೇ ಇರಬೇಕು, ಅವಳು ಹೋಗುವುದು ಅಲ್ಲಿಗೇ. ಅಲ್ಲಿಯ ಪಾಲಕನನ್ನು ಅವರೇ ಪರೀಕ್ಷಿಸಿ ಸರಿ ಎಂದಿದ್ದರು. ಮತ್ತೇನೂ ಕೇಳದೆ ಊಟ ಮುಗಿಸಿದರು.

ಶನಿವಾರ ಅವರು ನರಕವಿಲ್ಲದ ಪಾಲಕರನ್ನು ಕಾಣಲು ಹೋದರು. ಸಭಾಮಂದಿರದ ಪಕ್ಕದ ಕೋಣೆಯಲ್ಲಿ ಕುಳಿತು ಪಾಲಕರು ಹರಿದ ಕೀರ್ತನೆ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು. ಬಂದವರು ಯಾರೆಂದು ತಿಳಿದು ಎದ್ದು ನಿಂತರು.

"ಹಿಂದೆ ಕೂತು ಕಣ್ಣು ಮುಚ್ಕೊಂಡಿರ್ತಿದ್ದೋರು ನೀವೇನಾ ಅಯ್ಯಾ? ನಿದ್ದೆ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ."

"ನರಕ ಇದೆ ಅಂತ ನಂಬ್ತೀರಾ?"

"ನಂಬ್ತೀನಿ."

"ಮತ್ತ್ಯಾಕೆ ಹೇಳಲ್ಲ?"

ಪಾಲಕರು ಬೆರಳಿಗೆ ಹತ್ತಿದ ಅಂಟನ್ನು ಕೀಳತೊಡಗಿದರು. "ಒಬ್ಬ ಅಮ್ಮ ಬರ್ತಾರೆ. ಎಲ್ಲಿಯವರೋ, ಯಾರ ಮನೆಯವರೋ, ನಾನು ಕೇಳಿಲ್ಲ. ಆ ಮಾತು ಎತ್ತಿದ್ರೆ ಸಾಕು, ಎದ್ದು ಹೋಗಿಬಿಡ್ತಿದ್ರು. ಆರಾಧನೆ ಮುಗಿಯೋವರೆಗೂ ಗೇಟಿನ ಹತ್ರ ಬಿಸಿಲಲ್ಲಿ ನಿಂತಿರೋರು. ಮನೆಗೆ ಹೋಗ್ತಿರಲಿಲ್ಲ, ಒಳಗೂ ಬರ್ತಿರಲಿಲ್ಲ. ನೋಡಿ ನೋಡಿ ಸಾಕಾಗಿ, ಆ ಮಾತನ್ನೇ ಬಿಟ್ಟೆ. ಈಗ ಪೂರ್ತಿ ಕೂತು ಕೇಳ್ತಾರೆ."

"ಒಬ್ಬರಿಗೋಸ್ಕರ ಇಡೀ ಸಭೆಗೆ ಅರ್ಧ ಸತ್ಯ ಬಡಿಸೋದಾ?"

"ತಪ್ಪಿಹೋದ ಒಂದು ಕುರಿಗೋಸ್ಕರ ಮಿಕ್ಕಿದ್ದನ್ನೆಲ್ಲ ಬಿಟ್ಟು ಹೋಗು ಅಂತ ತಾನೇ ನಮಗೆ ಕಲಿಸಿರೋದು?"

ಪರೀಕ್ಷಕರಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ತ್ರಾಣ ಬೇಕು. "ನಾಳೆ ಹೇಳಿ. ಮುಚ್ಚುಮರೆ ಇಲ್ಲದೆ ಹೇಳಿ. ಇಲ್ಲದಿದ್ರೆ ಪೀಠ ಬೇರೆಯವರಿಗೆ ಹೋಗುತ್ತೆ, ನನ್ನ ಕೈಲಿ ಏನೂ ಇಲ್ಲ."

ಪಾಲಕರು ಕಿಟಕಿಯಾಚೆ ನೋಡಿದರು. ಅವರ ಮನೆಯ ಮುಂದಿನ ಹಗ್ಗದ ಮೇಲೆ ಮಕ್ಕಳ ಶಾಲೆಯ ಬಟ್ಟೆಗಳು ಒಣಗುತ್ತಿದ್ದವು.

"ಹೇಳ್ತೀನಿ. ಆದ್ರೆ ನೀವೂ ನಾಳೆ ಒಂದು ದಿನ ಕಣ್ಣು ಬಿಟ್ಟು ಕೂತ್ಕೊಳ್ಳಿ."

"ಕಣ್ಣು ಬಿಟ್ರೆ ಕನಿಕರ ಬರುತ್ತೆ. ಕೆಲಸ ಕೆಡುತ್ತೆ," ಎಂದರು ಪರೀಕ್ಷಕರು.

ಮರುದಿನ ಪಾಲಕರು ಮಾತಿಗೆ ತಪ್ಪಲಿಲ್ಲ. ತೀರ್ಪು ಬಂತು. ಆರದ ಬೆಂಕಿ ಬಂತು. ಪಶ್ಚಾತ್ತಾಪಕ್ಕೆ ಹೊತ್ತು ಉಳಿಸಿಕೊಳ್ಳದೆ ಹೋದವರಿಗೆ ಮರಳುವ ದಾರಿ ಇಲ್ಲ ಎಂಬ ಮಾತೂ ಬಂತು. ಎಲ್ಲಿಯೂ ಕೊಂಕಿಲ್ಲ, ಕೊರತೆಯಿಲ್ಲ. ಮುಚ್ಚಿದ ರೆಪ್ಪೆಗಳ ಹಿಂದೆ ಪರೀಕ್ಷಕರಿಗೆ ಎಷ್ಟೋ ದಿನಗಳ ಮೇಲೆ ನೆಮ್ಮದಿಯೆನಿಸಿತು. ಪಾಪ, ಈ ಮನುಷ್ಯನ ಮನೆ ಉಳಿಯಿತು.

ಮುಂದಿನ ಸಾಲಿನಲ್ಲೆಲ್ಲೋ ಬೆಂಚು ಕಿರುಗುಟ್ಟಿತು. ಚಪ್ಪಲಿಯ ಸದ್ದು ಬಾಗಿಲ ಕಡೆಗೆ ಬರತೊಡಗಿತು. ಓ, ಇವರೇ ಇರಬೇಕು, ಆ ಒಂದು ಕುರಿ. ಪರೀಕ್ಷಕರು ಕಣ್ಣು ತೆರೆಯಲಿಲ್ಲ. ಸದ್ದು ಅವರ ಬೆಂಚಿನ ಬಳಿ ಬಂದು ನಿಂತಿತು. ಮುಂದೆ ಹೋಗಲಿಲ್ಲ.

"ರೀ," ಎಂದಳು ಅವರ ಹೆಂಡತಿ, "ತಾನಾಗಿ ಪ್ರಾಣ ಕಳ್ಕೊಂಡ ನಮ್ಮ ಮಗನ್ನ ಮಣ್ಣು ಮಾಡೋವಾಗ ನೀವೇ ಇದನ್ನೆಲ್ಲ ಹೇಳಿದ್ರಲ್ಲ, ಅಷ್ಟು ಸಾಲಲಿಲ್ವಾ?"