ಪರಶುರಾಮನ ತಂತಿ

ತಮ್ಮನ ಕೈಯಲ್ಲಿ ತಂತಿ ಇತ್ತು. ಬೀರಪ್ಪ ಕಣ್ಣಾರೆ ಕಂಡ.

ಡೈರಿಗೆ ಹಾಲು ಹಾಕಲು ಹೊರಟವನು ಕಾರ್ಡು ಮರೆತು ಅರ್ಧ ದಾರಿಯಿಂದ ವಾಪಸ್ಸು ಬಂದಿದ್ದ. ಕೊಟ್ಟಿಗೆ ಪಕ್ಕದಲ್ಲಿ ನಿಂತಿದ್ದ ಅಪ್ಪನ ಕಾಲದ ಟ್ರ್ಯಾಕ್ಟರಿನ ಮೇಲೆ ಪರಶುರಾಮ ಬಗ್ಗಿಕೊಂಡಿದ್ದ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಏನನ್ನೋ ಚುಚ್ಚುತ್ತಿದ್ದ. ಅಣ್ಣನ ಹೆಜ್ಜೆ ಕೇಳಿದ್ದೇ ತಂತಿ ಜೇಬು ಸೇರಿತು.

“ಏನೋ ಅದು?”

“ಏನಿಲ್ಲ ಬಿಡಣ್ಣ.”

“ಏನಿಲ್ಲದ್ದು ಜೇಬಿಗ್ಯಾಕೆ ಹೋಯ್ತು?”

ಪರಶುರಾಮ ನೆಲ ನೋಡಿದ. “ಹೇಳಿದ್ರೆ ನಿನಗೆ ಬೇಜಾರಾಗುತ್ತೆ.”

ಬೀರಪ್ಪನಿಗೆ ಅಷ್ಟು ಸಾಕಾಯಿತು. ಎಷ್ಟೋ ದಿನದಿಂದ ತಲೆ ಕೊರೆಯುತ್ತಿದ್ದ ಒಗಟು ಅಲ್ಲೇ ಬಿಡಿಸಿಕೊಂಡಿತು. ತಾನು ಹತ್ತಿದರೆ ಆ ಟ್ರ್ಯಾಕ್ಟರು ಗದ್ದೆಯಲ್ಲಿ ಎರಡು ಸುತ್ತು ಹಾಕುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ತಮ್ಮ ಹತ್ತಿದರೆ ಸಂಜೆವರೆಗೂ ಗೊಣಗದೆ ಉಳುತ್ತಿತ್ತು. ಜನ್ನಾಪುರದ ಟೀ ಅಂಗಡಿಯಲ್ಲಿ ಅದೊಂದು ತಮಾಷೆಯೇ ಆಗಿಹೋಗಿತ್ತು. ಪಾಲಾಗುವಾಗ ಟ್ರ್ಯಾಕ್ಟರು ನನಗಿರಲಿ ಅಂತ ಪರಶುರಾಮ ಒಮ್ಮೆ ನಗುತ್ತಾ ಅಂದಿದ್ದೂ ಈಗ ನೆನಪಾಯಿತು. ನಗು ಎಲ್ಲಿಯದು? ಎಲ್ಲ ಲೆಕ್ಕಾಚಾರ.

ಬೀರಪ್ಪ ಕೂಗಾಡಲಿಲ್ಲ. ಗದ್ದೆ ಕಡೆಗೂ ಟ್ರ್ಯಾಕ್ಟರಿನ ಕಡೆಗೂ ಇನ್ನು ಸುಳಿಯಬೇಡ ಅಂದ, ಅಷ್ಟೇ. ಪರಶುರಾಮ ಮಧ್ಯಾಹ್ನದ ಬಸ್ಸಿಗೆ ಶಿವಮೊಗ್ಗಕ್ಕೆ ಹೋದವನು ವಿನೋಬನಗರದ ಕಡೆ ಯಾವುದೋ ಗ್ಯಾರೇಜು ಸೇರಿಕೊಂಡನೆಂದು ಆಮೇಲೆ ಗೊತ್ತಾಯಿತು. ಬೀರಪ್ಪನ ಹೆಂಡತಿ ದುರ್ಗಮ್ಮ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು.

ಕಳ್ಳ ಹೋದ ಮೇಲೆ ಕಾಟ ತಪ್ಪಬೇಕಿತ್ತು. ತಪ್ಪಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಬೀರಪ್ಪನಿಗೆ ಆ ಟ್ರ್ಯಾಕ್ಟರೇ ಅಪ್ಪ. ಬೆಳಿಗ್ಗೆ ಮಿಂದು ಬಂದು ಅದರ ಮೂತಿಗೆ, ಸ್ಟೇರಿಂಗಿಗೆ, ಟ್ಯಾಂಕಿನ ನೆತ್ತಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟು ಕೈಮುಗಿದೇ ಅವನ ದಿನ ಶುರು. ಆ ಕೆಲಸವನ್ನು ಹೆಂಡತಿಗೂ ಬಿಟ್ಟುಕೊಟ್ಟವನಲ್ಲ. ಅಷ್ಟು ನಡೆದುಕೊಂಡರೂ ಅಪ್ಪ ಯಾಕೆ ಕೈಕೊಡುತ್ತಿದ್ದಾನೆ? ಎರಡು ಸುತ್ತು, ಕೆಮ್ಮು, ಮೌನ. ಪೆಟ್ರೋಲ್ ಮುಗಿಯಿತೇನೋ ಅಂತ ಮುಚ್ಚಳ ತೆಗೆದು ಇಣುಕಿದರೆ ಅರ್ಧ ಟ್ಯಾಂಕು ಹಾಗೇ ಇರುತ್ತಿತ್ತು. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರೆ ಮತ್ತೆ ಎರಡು ಸುತ್ತು.

ಭದ್ರಾವತಿಯಿಂದ ಮೆಕ್ಯಾನಿಕ್ ಮಾರಪ್ಪ ಬಂದ. ಇಂಥ ಪೆಟ್ರೋಲ್ ಗಾಡಿ ನೋಡಿ ಎಷ್ಟು ವರ್ಷವಾಯಿತು ಮಾರಾಯ ಅಂತ ಸವರಿದ. ಟ್ಯಾಂಕಿನ ಮುಚ್ಚಳ ತೆಗೆದು ಬದುವಿನ ಮೇಲಿಟ್ಟ. ಪೈಪಿಗೆ ಗಾಳಿ ಊದಿದ. ಕಾರ್ಬುರೇಟರ್ ಬಿಚ್ಚಿ ಜೆಟ್ ತೊಳೆದ. ಒಳಗೆ ಕಸವೂ ಇಲ್ಲ, ನೀರೂ ಇಲ್ಲ. ಜೋಡಿಸಿ ಸ್ಟಾರ್ಟ್ ಮಾಡಿದರೆ ಎಂಜಿನ್ನು ಅವನು ಎಲೆಯಡಿಕೆ ಹಾಕಿ ಉಗಿದು ಮುಗಿಸುವವರೆಗೂ ಒಂದೇ ಸಮ ಓಡಿತು. ಸರಿಯಾಯಿತೆಂದು ಮುಚ್ಚಳ ಬಿಗಿದು ಬೈಕು ಹತ್ತಿದ. ಬೈಕು ತಿರುವು ದಾಟುವಷ್ಟರಲ್ಲಿ ಟ್ರ್ಯಾಕ್ಟರು ಕೆಮ್ಮಿತು.

ಇನ್ನು ಇದು ದೋಷವೇ ಅಂತ ಬೀರಪ್ಪ ತೀರ್ಮಾನಿಸಿದ. ಒಂದು ಹೊತ್ತು ಇಡುತ್ತಿದ್ದ ಕುಂಕುಮ ಎರಡು ಹೊತ್ತಾಯಿತು.

ಇತ್ತ ಸಸಿ ಬಲಿಯುತ್ತಿತ್ತು. ನಾಲೆ ನೀರಿನ ಸರದಿ ನಾಳೆಗೆ ಮುಗಿಯುತ್ತಿತ್ತು. ಇವತ್ತು ಕೆಸರು ಹೊಡೆಯದಿದ್ದರೆ ಈ ಸಲ ನಾಟಿ ಇಲ್ಲ. ಊರಿನ ಟಿಲ್ಲರುಗಳೆಲ್ಲ ಬೇರೆಯವರ ಗದ್ದೆಯಲ್ಲಿದ್ದವು. ಬೀರಪ್ಪ ಗದ್ದೆಗಿಳಿದ. ಹತ್ತು ಸಲ ನಿಂತಿತು, ಹತ್ತು ಸಲ ಎಬ್ಬಿಸಿದ. ಆಮೇಲೆ ಬ್ಯಾಟರಿಯೂ ಸೋತಿತು. ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಅವನು ಸುಮ್ಮನೆ ಅತ್ತ.

ಊಟ ತಂದಿದ್ದ ದುರ್ಗಮ್ಮ ಬದುವಿನ ಮೇಲೆ ಬುತ್ತಿ ಇಟ್ಟು ಫೋನು ಚಾಚಿದಳು. “ನಿಮ್ಮ ಮಾನ ಆಮೇಲೆ ನೋಡ್ಕೊಳ್ಳೋಣ. ಮೊದಲು ಅವನ್ನ ಕೇಳಿ.”

ಆ ಕಡೆ ಸುತ್ತಿಗೆ ಸದ್ದು ನಿಂತಿತು. ಬೀರಪ್ಪ ಕ್ಷಮೆ ಕೇಳಲಿಲ್ಲ, ಹೇಗಿದೀಯ ಅಂತಲೂ ಕೇಳಲಿಲ್ಲ. ಅದಕ್ಕೇನು ಮಾಡಿಟ್ಟು ಹೋಗಿದೀಯ ಹೇಳು, ಕಾಲಿಗೆ ಬೀಳ್ತೀನಿ ಅಂದ.

ತಮ್ಮ ಕೇಳಿದ, “ಇವತ್ತೂ ಪೂಜೆ ಮಾಡಿದ್ಯಾ?”

“ಮಾಡದೆ ಯಾವತ್ತು ಹತ್ತಿದೀನಿ?”

“ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗೋಕೆ ಒಂದು ಸಣ್ಣ ತೂತಿದೆ ಅಣ್ಣ, ಗಾಳಿ ಹೋಗದಿದ್ರೆ ಪೆಟ್ರೋಲ್ ಕೆಳಗಿಳಿಯಲ್ಲ, ದಿನಾ ನಿನ್ನ ಕುಂಕುಮ ಅದನ್ನ ಮುಚ್ತಿತ್ತು, ನೀನು ಉಳೋ ದಿನ ಪೂಜೆ ಮುಗಿಸಿ ನೇರ ಹತ್ತಿಬಿಡ್ತಿದ್ದೆ, ನೀನು ಡೈರಿಗೆ ಹೋದ ದಿನ ನಾನು ತಂತಿಯಿಂದ ಬಿಡಿಸಿ ಉಳ್ತಿದ್ದೆ.”